ಮಧುಮೇಹದ ಮಾತ್ರೆಯ ಜೊತೆಗೆ ಸಸ್ಯಸಾರದ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ:
ನನ್ನ ತಂದೆಯವರಿಗೆ ಟೈಪ್ 2 ಮಧುಮೇಹವಿದ್ದು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ಸೇವಿಸುತ್ತಿದ್ದಾರೆ. ಆದರೂ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಶೇಕಡಾ 7.8ರಿಂದ ಕೆಳಗಿಳಿಯುತ್ತಿಲ್ಲ. ಮಧುನಾಶಿನಿ, ಮೆಂತ್ಯ ಮತ್ತು ಹಾಗಲಕಾಯಿಯ ಸಾರವಿರುವ ಕ್ಯಾಪ್ಸೂಲನ್ನು ಪರಿಚಿತರೊಬ್ಬರು ಸೂಚಿಸಿದ್ದಾರೆ. ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ, ಕ್ರಮೇಣ ಮಾತ್ರೆಗಳನ್ನೇ ಬಿಡಬಹುದು ಎಂಬುದು ಅವರ ಮಾತು. ಇದಕ್ಕೆ ಎಷ್ಟರ ಮಟ್ಟಿಗೆ ಆಧಾರವಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸಸ್ಯಗಳಲ್ಲಿ ಸಕ್ಕರೆ ತಗ್ಗಿಸುವ ಗುಣವೇ ಇಲ್ಲವೆಂದು ಹೇಳಲಾಗದು. ತಮ್ಮ ತಂದೆಯವರು ಸೇವಿಸುತ್ತಿರುವ ಮೆಟ್‌ಫಾರ್ಮಿನ್‌ನ ಮೂಲವೇ ಯುರೋಪಿನ ಗಲೆಗಾ ಎಂಬ ಗಿಡದಲ್ಲಿದೆ. ಆ ಗಿಡದ ಗಲೆಜಿನ್ ಎಂಬ ಅಂಶ ಸಕ್ಕರೆಯನ್ನು ಇಳಿಸುತ್ತಿತ್ತಾದರೂ ವಿಷಕಾರಿಯಾಗಿತ್ತು. ಅದೇ ರಾಸಾಯನಿಕ ಕುಲದ, ಹೆಚ್ಚು ಸುರಕ್ಷಿತವಾದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಮಧುಮೇಹಿಗಳಲ್ಲಿ ಅದರ ಬಳಕೆಯ ಫಲಿತಾಂಶವನ್ನು ಪ್ರಕಟಿಸಿದರು. ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ದೊರೆತ ಫ್ಲೋರಿಜಿನ್ ಎಂಬ ಅಂಶ, ಇಂದಿನ ಡಾಪಾಗ್ಲಿಫ್ಲೋಜಿನ್‌ನಂತಹ ಮಧುಮೇಹದ ಔಷಧಿಗಳಿಗೆ ದಾರಿ ತೋರಿಸಿತು. ಇವೆರಡರಲ್ಲೂ ಗಿಡದಿಂದ ಮಾತ್ರೆಯವರೆಗಿನ ಹಾದಿಯಲ್ಲಿ ಅಂಶವನ್ನು ಬೇರ್ಪಡಿಸಿ, ಮಾರ್ಪಡಿಸಿ, ಪ್ರಮಾಣವನ್ನು ನಿಗದಿಪಡಿಸಲಾಯಿತು. ಕ್ಯಾಪ್ಸೂಲಿನ ವಿಷಯದಲ್ಲಿ ಆ ಕೆಲಸ ಬಹುಮಟ್ಟಿಗೆ ಆಗಿಲ್ಲ.

ತಾವು ಹೆಸರಿಸಿದ ಮೂರರಲ್ಲಿ ಮೆಂತ್ಯದ ಕೆಲಸ ಸುಲಭವಾಗಿ ಅರ್ಥವಾಗುವಂಥದ್ದು: ಅದರ ಲೋಳೆಯಂತಹ ನಾರು ಕರುಳಿನಲ್ಲಿ ಸಕ್ಕರೆ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ನಾರನ್ನು ತೆಗೆದುಹಾಕಿದ ಸಾರದಿಂದ ಅದೇ ಫಲವನ್ನು ನಿರೀಕ್ಷಿಸುವಂತಿಲ್ಲ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಯರಿವನ್ನು ತಾತ್ಕಾಲಿಕವಾಗಿ ಮರೆಸುತ್ತವೆ. ರಕ್ತದ ಸಕ್ಕರೆಯ ಮೇಲಿನ ಪರಿಣಾಮಕ್ಕಿರುವ ಪುರಾವೆ ಸಣ್ಣ ಅಧ್ಯಯನಗಳದ್ದು. ಹಾಗಲಕಾಯಿಯ ಬಗ್ಗೆ 2012ರ ಕಾಕ್ರೇನ್ ಪರಾಮರ್ಶೆಯು (ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡುವ ವರದಿ) ಟೈಪ್ 2 ಮಧುಮೇಹಕ್ಕೆ ಶಿಫಾರಸು ಮಾಡುವಷ್ಟು ಆಧಾರ ಸಾಲದೆಂದು ಹೇಳಿತು.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. 'ಸಾರ 500 ಮಿಲಿಗ್ರಾಂ' ಎಂಬ ಬರಹದಿಂದ ಏನೂ ತಿಳಿಯುವುದಿಲ್ಲ. ಎಲೆಯನ್ನು ನೀರಿನಲ್ಲಿ ತೆಗೆದ ಸಾರವೂ ಆಲ್ಕೋಹಾಲಿನಲ್ಲಿ ತೆಗೆದ ಸಾರವೂ ಒಂದೇ ಅಲ್ಲ. ಕ್ರಿಯಾಶೀಲ ಅಂಶ ಶೇಕಡಾ ಎಷ್ಟಿದೆ ಎಂಬುದನ್ನು ನಮೂದಿಸದಿದ್ದರೆ ಎರಡು ತಯಾರಿಕೆಗಳನ್ನು ಹೋಲಿಸಲು ಸಾಧ್ಯವೇ ಇಲ್ಲ. ಕೆಲವು 'ಗಿಡಮೂಲಿಕೆ' ಉತ್ಪನ್ನಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂತಹ ಸಕ್ಕರೆ ಇಳಿಸುವ ಔಷಧಿಯನ್ನು ಗುಟ್ಟಾಗಿ ಬೆರೆಸಿದ್ದೂ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಅಚ್ಚರಿ ಹುಟ್ಟಿಸುವಷ್ಟು ಬೇಗ ಸಕ್ಕರೆ ಇಳಿದರೆ ನನಗಂತೂ ಮೊದಲು ಸಂಶಯವೇ ಬರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಾತ್ರೆಯನ್ನು ಬಿಡಿಸದೆ, ಅದರ ಜೊತೆಗೇ ಕೊಟ್ಟರೆ ತೊಂದರೆಯಿದೆಯೇ?

ಉತ್ತರ 3:
ಗ್ಲಿಮೆಪಿರೈಡ್ ಇರುವುದರಿಂದಲೇ ಎಚ್ಚರ ಬೇಕು. ಅದು ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವ ಮಾತ್ರೆಯಾದ್ದರಿಂದ, ಸಕ್ಕರೆ ಇಳಿಸುವ ಮತ್ತೊಂದು ವಸ್ತು ಸೇರಿದರೆ ರಕ್ತದ ಸಕ್ಕರೆಯ ಮಟ್ಟವು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು ನಡುಕ, ಬೆವರು, ಗೊಂದಲ ಕಾಣಿಸಿಕೊಳ್ಳಬಹುದು; ವಯಸ್ಸಾದವರಲ್ಲಿ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣದೆಯೂ ಹೋಗಬಹುದು. ವೈದ್ಯರಿಗೆ ಕ್ಯಾಪ್ಸೂಲಿನ ಡಬ್ಬಿಯನ್ನೇ ತೋರಿಸಿ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಯ ವರದಿಗಳನ್ನೂ ಜೊತೆಗೆ ಒಯ್ಯಿರಿ. ಅವರು ಒಪ್ಪಿದರೂ ಮೂರನ್ನೂ ಬೆರೆಸಿದ್ದಕ್ಕಿಂತ ಒಂದೇ ಸಸ್ಯದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮನೆಯ ಮಾಪಕದಲ್ಲಿ ಆಗಾಗ ಪರೀಕ್ಷಿಸುತ್ತಿರಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಮೂರು ತಿಂಗಳಿಗೆ ಮೊದಲು ಅದನ್ನು ನೋಡಿ ತೀರ್ಮಾನಿಸಬೇಡಿ. ಅಂದಹಾಗೆ, ಸದ್ಯದ ಮಾತ್ರೆಗಳ ಪ್ರಮಾಣವನ್ನೇ ಬದಲಿಸಿದರೆ 7.8 ಇಳಿಯಬಹುದೇ ಎಂದು ಅದೇ ಭೇಟಿಯಲ್ಲಿ ಕೇಳಿ ನೋಡಿ; ಕ್ಯಾಪ್ಸೂಲಿನ ಅಗತ್ಯವೇ ಬೀಳದಿರಬಹುದು.