ಚೌಕಾಬಾರದ ಮೊಬೈಲ್ ಆಟದಲ್ಲಿ ಕವಡೆಯ ಗರವನ್ನು ತಿದ್ದಬಹುದೇ?

ಕಟ್ಟೆಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಗಲು ಬೇರೆ ಉದ್ಯೋಗ ಮಾಡಿಕೊಂಡು, ಸಂಜೆಯ ಬಿಡುವಿನಲ್ಲಿ ಆಟಗಳನ್ನು ತಯಾರಿಸುವ ಗೊಡೊ ಎಂಜಿನ್ ಎಂಬ ತಂತ್ರಾಂಶ ಬಳಸಿ ಚೌಕಾಬಾರವನ್ನು ಮೊಬೈಲ್ ಆಟವಾಗಿ ಸಿದ್ಧಪಡಿಸುತ್ತಿದ್ದೇನೆ. ಮೈಸೂರು ಕಡೆ ಆಡುವ ರೀತಿಯನ್ನೇ ಇಟ್ಟುಕೊಂಡಿದ್ದೇನೆ: 25 ಮನೆಗಳ ಹಾಸು, ಒಬ್ಬೊಬ್ಬರಿಗೂ ನಾಲ್ಕು ಕಾಯಿ, ಗುರುತು ಹಾಕಿದ ಕಟ್ಟೆಮನೆಗಳಲ್ಲಿ ಕಾಯಿಗೆ ರಕ್ಷಣೆ, ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ (ನಾಲ್ಕು ಮನೆ), ನಾಲ್ಕೂ ಬೋರಲು ಬಿದ್ದರೆ ಬಾರ (ಎಂಟು ಮನೆ), ಎರಡಕ್ಕೂ ಮತ್ತೊಂದು ಗರ, ಅಂದರೆ ಕವಡೆ ಹಾಕುವ ಇನ್ನೊಂದು ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಇದೆ.

ಆಟ ಈಗ ಆಡುವ ಹದಕ್ಕೆ ಬಂದಿದೆ. ಆದರೆ ಆಡಿ ನೋಡಿದ ನೆಂಟರು, ಸ್ನೇಹಿತರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳುತ್ತಿದ್ದಾರೆ. ಕಂಪ್ಯೂಟರಿಗೆ ಬೇಕೆಂದಾಗಲೆಲ್ಲ ಚೌಕವೋ ಬಾರವೋ ಬೀಳುತ್ತದೆ, ತಮಗೆ ಮಾತ್ರ ಒಂದು, ಎರಡು ಬೀಳುತ್ತಲೇ ಇರುತ್ತದೆ ಎನ್ನುವುದು ಅವರ ದೂರು. ಪ್ರೋಗ್ರಾಮಿನಲ್ಲಿ ಅಂಥ ಪಕ್ಷಪಾತ ಏನೂ ಇಲ್ಲ. ಒಂದೊಂದು ಕವಡೆಯೂ ಅಂಗಾತ ಬೀಳುವ ಸಾಧ್ಯತೆ ಅರ್ಧ, ಬೋರಲು ಬೀಳುವುದು ಅರ್ಧ, ಮನುಷ್ಯನಿಗೂ ಕಂಪ್ಯೂಟರಿಗೂ ಒಂದೇ ಫಂಕ್ಷನ್. ಲೆಕ್ಕ ಹಾಕಿದರೆ 16 ಗರಗಳಿಗೆ ಸರಾಸರಿ ನಾಲ್ಕು ಸಲ ಒಂದು, ಆರು ಸಲ ಎರಡು, ನಾಲ್ಕು ಸಲ ಮೂರು, ಒಂದು ಸಲ ಚೌಕ, ಒಂದು ಸಲ ಬಾರ ಬೀಳಬೇಕು. ಒಂದು ಕಾಯಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, 24 ಹೆಜ್ಜೆ ನಡೆಯಬೇಕು. ಗರವೊಂದಕ್ಕೆ ಸರಾಸರಿ ಎರಡೂವರೆ ಎಂದಿಟ್ಟುಕೊಂಡರೆ ಯಾವ ಕಾಯಿಯೂ ಹೊಡೆತ ತಿನ್ನದ ಆಟದಲ್ಲೂ ಒಬ್ಬ ಆಟಗಾರ ಸುಮಾರು 38 ಗರ ಹಾಕುತ್ತಾನೆ. 38 ಗರಗಳಲ್ಲಿ ಒಂದೇ ಒಂದು ಬಾರವೂ ಬೀಳದಿರುವುದು ಸುಮಾರು 12 ಆಟಗಳಿಗೊಮ್ಮೆ ಸಹಜವಾಗಿಯೇ ಆಗುತ್ತದೆ. ಅಂಥ ದಿನ ಆಡಿದವರಿಗೆ ನನ್ನ ಲೆಕ್ಕದಿಂದ ಸಮಾಧಾನವಾಗುವುದಿಲ್ಲ, ಆಗಬೇಕೆಂದು ನಾನು ನಿರೀಕ್ಷಿಸುವುದೂ ತಪ್ಪು.

ನನ್ನ ಮುಂದೆ ಮೂರು ದಾರಿಗಳಿವೆ. ಗರವನ್ನು ಇದ್ದ ಹಾಗೆಯೇ ಬಿಡುವುದು ಒಂದು. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ ಮಾಡುವಂತೆ 16 ಗರಗಳನ್ನೂ ಒಂದು ಚೀಲಕ್ಕೆ ಹಾಕಿ ಕಲಸಿ, ಒಂದೊಂದಾಗಿ ಹೊರತೆಗೆದು, ಚೀಲ ಖಾಲಿಯಾದ ಮೇಲೆ ಮತ್ತೆ ತುಂಬುವುದು ಇನ್ನೊಂದು. ಹೀಗೆ ಮಾಡಿದರೆ ಯಾರಿಗೂ ಬಾರವೇ ಬರಲಿಲ್ಲ ಎಂಬ ಸ್ಥಿತಿ ಉಂಟಾಗುವುದಿಲ್ಲ. ಹಿಂದೆ ಬಿದ್ದವರಿಗೆ ಗೊತ್ತಾಗದಂತೆ ಗರವನ್ನು ಸ್ವಲ್ಪ ವಾಲಿಸಿಕೊಡುವುದು ಮೂರನೆಯದು. ನನ್ನ ಮನಸ್ಸು ಚೀಲದ ಕಡೆಗಿದೆ. ಆದರೆ ಅದು ಆಟದ ಗುಣವನ್ನೇ ಬದಲಿಸುತ್ತದೆಯೋ ಎಂಬ ಅಳುಕೂ ಇದೆ. ಆಟಗಳನ್ನು ರೂಪಿಸಿ ಅನುಭವವಿರುವವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಬಿಟ್‌ಬರಹ:

ಕಟ್ಟೆಮನೆ ಅವರೇ, ನಿಮ್ಮ ಅಳುಕು ಸರಿಯಾಗಿಯೇ ಇದೆ. ಚೀಲದ ಉಪಾಯ ಟೆಟ್ರಿಸ್‌ಗೆ ಒಪ್ಪುವುದಕ್ಕೆ ಕಾರಣ ಅಲ್ಲಿ ಆಡುವವನೊಬ್ಬನೇ ಇರುವುದು. ಏಳು ಆಕಾರಗಳನ್ನು ಕಲಸಿ ಕೊಡುವುದರಿಂದ ಉದ್ದನೆಯ ಪಟ್ಟಿಗಾಗಿ ಕಾಯುವವನು ನಡುವೆ ಹೆಚ್ಚೆಂದರೆ 12 ಬೇರೆ ತುಂಡುಗಳನ್ನು ನೋಡಬೇಕಾಗುತ್ತದೆ, ಅಷ್ಟೆ. ಮುಂದೇನು ಬರಬಹುದೆಂದು ಅವನು ಎಣಿಸಿಕೊಂಡರೂ ಅದರಿಂದ ಯಾರಿಗೂ ನಷ್ಟವಿಲ್ಲ, ಆ ಎಣಿಕೆ ಅವನ ಕೌಶಲದ ಭಾಗವೇ ಆಗುತ್ತದೆ.

ಚೌಕಾಬಾರದಲ್ಲಿ ಎದುರಿಗೆ ಇನ್ನೊಬ್ಬರಿದ್ದಾರೆ, ಮತ್ತು ಆಟದ ಬುದ್ಧಿವಂತಿಕೆಯೆಲ್ಲ ಅವರ ಮುಂದಿನ ಗರದ ಅಂದಾಜಿನ ಮೇಲೆ ನಿಂತಿದೆ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನನ್ನ ಕಾಯಿಯನ್ನು ಬಿಟ್ಟರೆ ಅದು ನೇರವಾಗಿ ಹೊಡೆತ ತಿನ್ನುವ ಸಾಧ್ಯತೆ 16ರಲ್ಲಿ ಆರು. ನಾಲ್ಕು ಮನೆ ಮುಂದೆ ಬಿಟ್ಟರೆ 16ರಲ್ಲಿ ಒಂದೇ. ಈ ಲೆಕ್ಕವನ್ನು ಅಂಕಿಗಳಲ್ಲಿ ಹೇಳಲು ಬಾರದ ಅಜ್ಜಿಯರೂ ಕಾಯಿ ನಡೆಸುವಾಗ ಇದನ್ನೇ ಪಾಲಿಸುತ್ತಾರೆ. ಈಗ ನಿಮ್ಮ ಚೀಲವನ್ನು ಇಲ್ಲಿ ತಂದು ನೋಡಿ. ಎದುರಾಳಿಯ ಚೀಲದಿಂದ ಚೌಕ ಒಮ್ಮೆ ಹೊರಬಂದಿತೆಂದರೆ, ಆ ಚೀಲ ಮುಗಿಯುವವರೆಗೆ ನಾಲ್ಕು ಮನೆ ಮುಂದಿರುವ ಕಾಯಿಗೆ ಆ ಹಿಂದಿನ ಕಾಯಿಯಿಂದ ಭಯವೇ ಇಲ್ಲ. ಬಯಲಿನಲ್ಲಿ ನಿಂತ ಕಾಯಿಗೂ ಕಟ್ಟೆಮನೆಯ ರಕ್ಷಣೆ ಸಿಕ್ಕಿಬಿಡುತ್ತದೆ. ಎಣಿಸುವವನು ಗೆಲ್ಲುತ್ತಾನೆ, ಎಣಿಸದವನಿಗೆ ತಾನೇಕೆ ಸೋತೆನೆಂಬುದೂ ತಿಳಿಯುವುದಿಲ್ಲ. ಚೀಲದ ಕೊನೆಯಲ್ಲಿ ಉಳಿದ ಒಂದು ಗರವಂತೂ ಹಾಕುವ ಮೊದಲೇ ಗೊತ್ತಿರುತ್ತದೆ.

ಚೀಲವನ್ನು ದೊಡ್ಡದು ಮಾಡಿ 64 ಗರ ತುಂಬಿದರೆ ಎಣಿಸುವುದು ಕಷ್ಟವಾಗುತ್ತದೆ ನಿಜ. ಆದರೆ ಚೀಲ ದೊಡ್ಡದಾದಷ್ಟೂ ನೀವು ಬಯಸಿದ ಸಮತೋಲವೂ ಸಡಿಲವಾಗುತ್ತದೆ, ಬಿಡಿ ಗರಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ತುಂಗಾತೀರ:

ನಾನು ಹಲಗೆ ಆಟಗಳನ್ನು ಮರದಲ್ಲಿ, ಬಟ್ಟೆಯಲ್ಲಿ ಮಾಡುವವಳು, ಮೊಬೈಲ್ ಆಟಗಳ ಪರಿಚಯ ಹೆಚ್ಚಿಲ್ಲ. ಆದರೂ ಒಂದು ವಿಷಯ ಹೇಳಬೇಕೆನಿಸಿತು. ಕವಡೆ ಅರ್ಧಕ್ಕರ್ಧ ಬೀಳುತ್ತದೆ ಎಂದು ನೀವು ಹೇಗೆ ತೀರ್ಮಾನಿಸಿದಿರಿ? ಬಾಯಿರುವ ಕಡೆ ಚಪ್ಪಟೆ, ಬೆನ್ನು ಉಬ್ಬು. ಬೆನ್ನು ತೇಯ್ದ ಕವಡೆ ಒಂದು ರೀತಿ ಬಿದ್ದರೆ ತೇಯದ್ದು ಇನ್ನೊಂದು ರೀತಿ ಬೀಳುತ್ತದೆ. ಸಿಮೆಂಟು ನೆಲದ ಮೇಲೆ ಉರುಳುವುದೇ ಬೇರೆ, ಜಮಖಾನದ ಮೇಲೆ ಉರುಳುವುದೇ ಬೇರೆ. ಕವಡೆ ಸಿಗದ ಮನೆಗಳಲ್ಲಿ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿಕೊಂಡು ಆಡುತ್ತಾರೆ, ಅದರ ಸ್ವಭಾವವೂ ಬೇರೆಯೇ.

ಇದು ಸಣ್ಣ ವ್ಯತ್ಯಾಸವಲ್ಲ. ಕವಡೆ ನೂರಕ್ಕೆ 60 ಸಲ ಅಂಗಾತ ಬೀಳುತ್ತದೆ ಎಂದಿಟ್ಟುಕೊಂಡು ನನ್ನ ಮಗಳಿಂದ ಲೆಕ್ಕ ಹಾಕಿಸಿದೆ. ಚೌಕ ಬೀಳುವುದು ನೂರಕ್ಕೆ ಸುಮಾರು 13ಕ್ಕೆ ಏರುತ್ತದೆ, ಬಾರ ಮೂರಕ್ಕಿಂತ ಕೆಳಗಿಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಎರಡೂ ಆರು ಚಿಲ್ಲರೆ. ಎಂಟು ಮನೆ ನಡೆಸುವ ಗರವು ನಾಲ್ಕು ಮನೆ ನಡೆಸುವ ಗರದಷ್ಟೇ ಸುಲಭವಾಗಿ ಬೀಳುವ ಆಟವೂ, ಅಪರೂಪಕ್ಕೆ ಬಿದ್ದು ಎಲ್ಲರನ್ನೂ ಹೌಹಾರಿಸುವ ಆಟವೂ ಒಂದೇ ಆಗಲಾರವು. ನಿಮ್ಮ ಮನೆಯಲ್ಲಿ ಹಳೆಯ ಕವಡೆಗಳಿದ್ದರೆ ಕೆಲವು ನೂರು ಸಲ ಹಾಕಿ, ಬರೆದುಕೊಂಡು, ಅದೇ ಪ್ರಮಾಣವನ್ನು ಪ್ರೋಗ್ರಾಮಿಗೆ ಕೊಡಿ. ಅದನ್ನು ಗರ ತಿದ್ದಿದಂತೆ ಎಂದು ನಾನು ಭಾವಿಸುವುದಿಲ್ಲ, ಏಕೆಂದರೆ ಅದು ಎಲ್ಲ ಆಟಗಾರರಿಗೂ ಒಂದೇ ಮತ್ತು ಆಟದ ಮೊದಲೇ ಎಲ್ಲರಿಗೂ ತಿಳಿಸಬಹುದಾದದ್ದು.

ಮೂಲ ಆಟಕ್ಕೆ ಕೈ ಹಾಕುವ ಬಗ್ಗೆ ಸಂಕೋಚವಿದ್ದರೆ ಅದನ್ನು ಬಿಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆ ಆಟಗಳ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರೆಂದರೆ ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು, ತಾವೇ ಹೊಸ ಆಟಗಳನ್ನೂ ಕಟ್ಟಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ ಕ್ರೀಡಾ ಕೌಶಲ್ಯ ಪ್ರದರ್ಶನಕ್ಕೆ ಒಮ್ಮೆ ಹೋಗಿ ಬನ್ನಿ. ಒಂದೇ ಕುಲದ ಆಟಕ್ಕೆ ಎಷ್ಟು ಬಗೆಯ ಹಾಸುಗಳಿವೆ ಎಂಬುದನ್ನು ಕಣ್ಣಾರೆ ನೋಡಿದರೆ ಧೈರ್ಯ ಬರುತ್ತದೆ.

ಅಳಗುಳಿ:

ನಿಮ್ಮ ಮೂರನೆಯ ದಾರಿಯ ಬಗ್ಗೆ ಇನ್ನೂ ಯಾರೂ ಹೇಳಿಲ್ಲವಾದ್ದರಿಂದ ಅದನ್ನೇ ಎತ್ತಿಕೊಳ್ಳುತ್ತೇನೆ. ಗುಟ್ಟಾಗಿ ವಾಲಿಸುವುದು ದೊಡ್ಡ ಆಟಗಳಲ್ಲಿ ಹೊಸತೇನಲ್ಲ. ಫೈರ್ ಎಂಬ್ಲೆಮ್ ಎಂಬ ಯುದ್ಧತಂತ್ರದ ವಿಡಿಯೊ ಆಟಗಳ ಸರಣಿಯಲ್ಲಿ 2002ರ ಆಟದಿಂದ ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿಯನ್ನು ಬಳಸತೊಡಗಿದರು. ಹಾಗಾಗಿ ತೆರೆಯ ಮೇಲೆ ನೂರಕ್ಕೆ 90 ಎಂದು ಕಾಣುವ ಹೊಡೆತ ನಿಜದಲ್ಲಿ 98ರಷ್ಟು ಸಲ ತಾಗುತ್ತದೆ. ಸಿವಿಲೈಸೇಶನ್ ಎಂಬ ಕಂಪ್ಯೂಟರ್ ಆಟಗಳನ್ನು ರೂಪಿಸಿದ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಭಾಷಣದಲ್ಲಿ ಹೇಳಿದ ಅನುಭವವೂ ಇಂಥದ್ದೇ. ಎದುರಾಳಿಗಿಂತ ಮೂರು ಪಟ್ಟು ಬಲ ತಮ್ಮ ಕಡೆಗಿದ್ದೂ ಸೋತಾಗ ಆಟಗಾರರು ಅನ್ಯಾಯವೆಂದರು, ಅದೇ ಪ್ರಮಾಣದಲ್ಲಿ ತಾವು ದುರ್ಬಲರಾಗಿದ್ದು ಗೆದ್ದಾಗ ತಕರಾರು ಮಾಡಲಿಲ್ಲ. ಕಟ್ಟೆಮನೆ ಅವರ ನೆಂಟರು ಹೇಳುತ್ತಿರುವುದೂ ಇದೇ. ಅವರ ಭಾವನೆ ನಿಜ, ಅದನ್ನು ತಳ್ಳಿಹಾಕಬಾರದು.

ಹಾಗೆಂದು ಆ ಪರಿಹಾರವನ್ನು ಇಲ್ಲಿಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಆಟಗಳಲ್ಲಿ ನಡೆ ತೀರ್ಮಾನಿಸಿದ ಮೇಲೆ ಅದೃಷ್ಟ ಬಂದು ಫಲವನ್ನು ಕೆಡಿಸುತ್ತದೆ. ಯೋಚಿಸಿ ಮಾಡಿದ ಕೆಲಸ ಮಣ್ಣುಪಾಲಾದಾಗ ಸಿಟ್ಟು ಬರುವುದು ಸಹಜ. ಚೌಕಾಬಾರದಲ್ಲಿ ಗರ ಮೊದಲು ಬೀಳುತ್ತದೆ, ಯಾವ ಕಾಯಿಯನ್ನು ನಡೆಸಬೇಕೆಂಬ ಆಯ್ಕೆ ಆಮೇಲೆ. ಬಿದ್ದ ಎರಡನ್ನು ಹೊಡೆಯಲು ಬಳಸಲೋ, ಕಟ್ಟೆಮನೆ ಸೇರಲೋ, ಎರಡು ಕಾಯಿಗಳನ್ನು ಜೋಡಿಸಿ ಗಟ್ಟಿ ಕಟ್ಟಲೋ ಎಂಬುದು ಇನ್ನೂ ಆಟಗಾರನ ಕೈಯಲ್ಲೇ ಇರುತ್ತದೆ. ಅಳಗುಳಿಮಣೆಯಲ್ಲಿ, ಆಡುಹುಲಿಯಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲದ್ದರಿಂದ ಬಲ್ಲವರ ಮುಂದೆ ಮಕ್ಕಳಿಗೆ ಗೆಲುವಿಲ್ಲ. ಚೌಕಾಬಾರದಲ್ಲಿ ಎಂಟು ವರ್ಷದ ಮೊಮ್ಮಗಳು ಅಜ್ಜಿಯನ್ನು ಸೋಲಿಸಬಲ್ಲಳು, ಮತ್ತು ಅಜ್ಜಿ ಬಿಟ್ಟುಕೊಟ್ಟಿಲ್ಲ ಎಂಬುದು ಮೊಮ್ಮಗಳಿಗೆ ಗೊತ್ತಿರುವುದರಿಂದಲೇ ಆ ಗೆಲುವಿಗೆ ಬೆಲೆ. ಗರವನ್ನು ಗುಟ್ಟಾಗಿ ವಾಲಿಸಿದರೆ ನೀವು ಕಸಿದುಕೊಳ್ಳುವುದು ಅದನ್ನೇ.

ಹೊಸಬರಿಗೆ ಸುಲಭ ಮಾಡಬೇಕೆಂದಿದ್ದರೆ ಕಂಪ್ಯೂಟರಿನ ಯೋಚನೆಯನ್ನು ದುರ್ಬಲಗೊಳಿಸಿ, ಕವಡೆಯನ್ನು ಮುಟ್ಟಬೇಡಿ. ಪಳಗಿದ ಹಂತದಲ್ಲಿ ಅದು ಪ್ರತಿ ಕಾಯಿಗಿರುವ ಅಪಾಯವನ್ನು ಲೆಕ್ಕ ಹಾಕಲಿ. ಕೆಳಗಿನ ಹಂತದಲ್ಲಿ ಹೊಡೆಯುವ ಅವಕಾಶ ಸಿಕ್ಕರೆ ಹೊಡೆದು, ಇಲ್ಲವಾದರೆ ಕೈಗೆ ಬಂದ ಕಾಯಿಯನ್ನು ನಡೆಸಲಿ.

ಇನ್ನು, ಅನುಮಾನ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ನೋಡಿ. ಕಂಪ್ಯೂಟರಿನ ಸರದಿಯಲ್ಲಿ ನೀವು ಏನು ತೋರಿಸುತ್ತಿದ್ದೀರಿ? ತೆರೆಯ ಮೇಲೆ ಅಂಕಿಯೊಂದು ಮಿಂಚಿ ಕಾಯಿ ಓಡಿಬಿಟ್ಟರೆ ಯಾರಾದರೂ ಅನುಮಾನಪಡುತ್ತಾರೆ. ಅದರ ಕವಡೆಗಳೂ ಆಟಗಾರನ ಕವಡೆಗಳಷ್ಟೇ ನಿಧಾನವಾಗಿ, ಹಾಸಿನ ಪಕ್ಕದ ಅದೇ ಜಾಗದಲ್ಲಿ ಉರುಳಲಿ. ಮೂರು ಕವಡೆ ಅಂಗಾತ ಬಿದ್ದು ನಾಲ್ಕನೆಯದು ಇನ್ನೂ ಗಿರಕಿ ಹೊಡೆಯುತ್ತಿರುವ ಆ ಅರ್ಧ ಸೆಕೆಂಡಿನಲ್ಲೇ ಈ ಆಟದ ರುಚಿಯಿದೆ. ಚೌಕ ಆಗಬಹುದಿತ್ತು, ಮೂರಕ್ಕೆ ನಿಂತಿತು ಎಂಬುದನ್ನು ಕಣ್ಣಿನಿಂದ ಕಂಡವರು ಯಂತ್ರವನ್ನು ದೂರುವುದು ಕಡಿಮೆ.

ಕಟ್ಟೆಮನೆ:

ಮೂವರಿಗೂ ಧನ್ಯವಾದಗಳು. ಚೀಲವನ್ನು ಕೈಬಿಡುತ್ತಿದ್ದೇನೆ. ಚೌಕ ಹೊರಬಿದ್ದ ಮೇಲೆ ಬಯಲೂ ಕಟ್ಟೆಮನೆಯಾಗುತ್ತದೆ ಎಂಬ ಬಿಟ್‌ಬರಹ ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ತುಂಗಾತೀರ ಮೇಡಂ ಹೇಳಿದಂತೆ ಊರಿನ ಕವಡೆಗಳನ್ನು ತರಿಸಿಕೊಂಡು ಜಮಖಾನದ ಮೇಲೆ ಹಾಕಿ ಪ್ರಮಾಣವನ್ನು ಕಂಡುಕೊಳ್ಳುತ್ತೇನೆ, ಅದನ್ನು ನಿಯಮಗಳ ಪುಟದಲ್ಲೇ ಪ್ರಕಟಿಸುತ್ತೇನೆ. ಆಟ ಮುಗಿದ ಮೇಲೆ ಯಾರಿಗೆ ಯಾವ ಗರ ಎಷ್ಟು ಸಲ ಬಿತ್ತೆಂಬ ಪಟ್ಟಿಯನ್ನೂ ತೋರಿಸಬೇಕೆಂದಿದ್ದೇನೆ. ಆಟದ ನಡುವೆ ತೋರಿಸುವುದಿಲ್ಲ, ಏಕೆಂದರೆ ಇನ್ನೂ ಬಾರ ಬಂದಿಲ್ಲ, ಆದ್ದರಿಂದ ಈಗ ಬಂದೇ ಬರುತ್ತದೆ ಎಂಬ ಭ್ರಮೆಗೆ ಅದು ದಾರಿ ಮಾಡುತ್ತದೆ.

ಒಂದು ಸಂದೇಹ ಉಳಿದಿದೆ. ಕೆಳಗಿನ ಹಂತದ ಕಂಪ್ಯೂಟರ್ ಮೊದಲೇ ತೋಚಿದಂತೆ ಆಡುತ್ತದೆ. ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವೂ ಸೇರಿದರೆ ಆಟ ಮುಗಿಯದೆ ಎಳೆದಾಡುತ್ತಿದೆ. ಮಕ್ಕಳು ನಡುವೆಯೇ ಎದ್ದುಹೋಗುತ್ತಾರೆ. ಆ ಹಂತಕ್ಕೆ ನಿಯಮವನ್ನೇ ತೆಗೆದುಬಿಡಲೇ?

ಅಳಗುಳಿ:

ತೆಗೆಯಬೇಡಿ. ಆ ನಿಯಮ ಹೋದರೆ ಎಲ್ಲರೂ ಕಟ್ಟೆಮನೆಯಿಂದ ಕಟ್ಟೆಮನೆಗೆ ಹಾರಿಕೊಂಡು ಹಣ್ಣಾಗುವ ಬರೀ ಓಟವಾಗುತ್ತದೆ, ಎದುರಾಳಿಯ ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ. ಆಟ ಎಳೆಯುವುದು ಹೊರಸುತ್ತಿನ 16 ಮನೆಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸಿಗದೆ ಸುತ್ತುತ್ತಿರುವುದರಿಂದ. ಮಕ್ಕಳು ಹೆದರಿ ಕಟ್ಟೆಮನೆಯಲ್ಲೇ ಕೂರುತ್ತಾರೆ, ಕಂಪ್ಯೂಟರಿಗೆ ಹೊರಬರಬೇಕೆಂಬ ಉದ್ದೇಶವೇ ಇಲ್ಲ.

ದುರ್ಬಲ ಎದುರಾಳಿ ಎಂದರೆ ಪೆದ್ದ ಎದುರಾಳಿಯಾಗಬೇಕಿಲ್ಲ, ದುಡುಕುವ ಎದುರಾಳಿಯಾಗಲಿ. ಕೆಳಗಿನ ಹಂತದಲ್ಲಿ ಕಂಪ್ಯೂಟರ್ ಕಟ್ಟೆಮನೆಯಲ್ಲಿ ಉಳಿಯುವುದಕ್ಕಿಂತ ಮುಂದೆ ನುಗ್ಗುವುದನ್ನೇ ಆರಿಸಿಕೊಳ್ಳುವಂತೆ ಬರೆಯಿರಿ. ಹೊಡೆಯಲು ಸಿಕ್ಕರೆ ಬಿಡದಿರಲಿ, ಆದರೆ ಹೊಡೆದ ಕಾಯಿ ಬಯಲಿನಲ್ಲೇ ನಿಂತಿರಲಿ. ಮಗುವಿಗೆ ಎರಡು, ಮೂರು ಮನೆ ದೂರದಲ್ಲಿ ಗುರಿ ಆಗಾಗ ಸಿಗುತ್ತಿದ್ದರೆ ಮೊದಲ ಹೊಡೆತ ಬೇಗ ಬೀಳುತ್ತದೆ, ಒಳಸುತ್ತಿನ ಬಾಗಿಲೂ ತೆರೆಯುತ್ತದೆ. ಕಾಯಿ ನಡೆಸುವ ಆಯ್ಕೆಗೆ ನೀವು ಈಗಾಗಲೇ ಅಂಕ ಕೊಡುವ ಪದ್ಧತಿ ಬರೆದಿದ್ದರೆ, ರಕ್ಷಣೆಗೆ ಕೊಡುವ ಅಂಕವನ್ನು ಸೊನ್ನೆ ಮಾಡಿ ಒಂದು ವಾರ ಆಡಿಸಿ ನೋಡಿ. ಬೇರೇನನ್ನೂ ಮುಟ್ಟುವ ಅಗತ್ಯ ಬರಲಾರದು.