ಭಾಗವತರ ಮೈಕಿಗೆ ಕಂಪ್ರೆಸರ್ ಹಾಕಿದ ಮೇಲೆ ಹೌಲಿಂಗ್ ಜಾಸ್ತಿ ಆಗಿದೆ, ಎಂತ ಮಾಡುದು?

ಪ್ರಶ್ನೆ:
ಸೌಂಡ್ ಕೆಲಸ ಮಾಡುವವರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಮಾರಾಯ್ರೆ. ನಮ್ಮದು ಊರಿನ ಹವ್ಯಾಸಿ ಯಕ್ಷಗಾನ ಸಂಘ, ತೆಂಕುತಿಟ್ಟು, ವರ್ಷಕ್ಕೆ ಏಳೆಂಟು ಆಟ ಆಗ್ತದೆ, ಮೈಕ್ ಸೆಟ್ ಸಂಘದ್ದೇ ಉಂಟು, ನೋಡಿಕೊಳ್ಳುದು ನಾನು, ಕಲಿತದ್ದೆಲ್ಲ ತಪ್ಪು ಮಾಡಿ ಮಾಡಿಯೇ. ಯುದ್ಧದ ಪದ್ಯಕ್ಕೆ ಚೆಂಡೆ ಏರಿತು ಅಂದ್ರೆ ಭಾಗವತರ ಸ್ವರ ಕೇಳುದೇ ಇಲ್ಲ, ಫೇಡರ್ ಮೇಲೆ ಹಾಕಿದ್ರೆ ಆಲಾಪ ಎತ್ತುವಾಗ ಬಾಕ್ಸ್ ಒಡೆದು ಹೋಗುವ ಹಾಗೆ ಆಗ್ತದೆ. ಅದಕ್ಕೆ ಯಾರೋ ಹೇಳಿದ್ರು ಅಂತ ಒಂದು ಹಳೇ ಎರಡು ಚಾನೆಲಿನ ಕಂಪ್ರೆಸರ್ ತಕ್ಕೊಂಡು ಭಾಗವತರ ಚಾನೆಲಿಗೆ ಹಾಕಿದೆ. ರೇಶಿಯೋ 6:1, ಔಟ್‌ಪುಟ್ ಗೇನ್ 10 ಡಿಬಿ, ಥ್ರೆಶೋಲ್ಡ್ ಎಷ್ಟು ಅಂತ ನೆನಪಿಲ್ಲ, ಲೈಟ್ ಎಲ್ಲ ಹತ್ತುವಷ್ಟು ಇಳಿಸಿದ್ದೆ. ಈಗ ಪದ್ಯ ಹೇಳುವಾಗ ತೊಂದರೆ ಇಲ್ಲ, ಪದ್ಯ ನಿಲ್ಲಿಸಿದ ಕೂಡ್ಲೇ ಹೂಂ ಅಂತ ಶುರುವಾಗಿ ಕೀ ಅಂತ ಕಿರುಚುತ್ತದೆ. ಸಾಲದ್ದಕ್ಕೆ ಭಾಗವತರು ನನಗೆ ನನ್ನ ಸ್ವರವೇ ಕೇಳುದಿಲ್ಲ ಅಂತ ಬಯ್ತಾರೆ. ಮೊದಲು ಹೀಗೆ ಇರಲಿಲ್ಲ. ಮಿಶನ್ನೇ ಹಾಳಾ?

ಉತ್ತರ (ಸೌಂಡ್ ಕೆಲಸದವರು):
ಮಿಶನ್ ಸರಿಯೇ ಉಂಟು ಮಾರಾಯ್ರೆ, ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡ್ತಾ ಉಂಟು ಅದು. ನೀವು ಹೇಳಿದ್ದೇ ತಪ್ಪು, ಅಷ್ಟೇ. ಆದ್ರೆ ಒಂದು ಒಳ್ಳೇದು ಮಾಡಿದ್ರಿ, ಹೌಲಿಂಗ್ ಯಾವಾಗ ಬರ್ತದೆ ಅಂತ ಬರೆದ್ರಿ. ಹೆಚ್ಚಿನವರು ಹೌಲಿಂಗ್ ಉಂಟು ಅಂತ ಮಾತ್ರ ಹೇಳ್ತಾರೆ. ಪದ್ಯ ನಿಂತ ಮೇಲೆ ಬರುದು ಅಂದ್ರೆ ಕಾರಣ ಅಲ್ಲಿಯೇ ಸಿಕ್ಕಿತು.

ಕಂಪ್ರೆಸರ್ ಸ್ವರವನ್ನು ದೊಡ್ಡದು ಮಾಡುದಿಲ್ಲ, ದೊಡ್ಡದಾದದ್ದನ್ನು ತಗ್ಗಿಸುದು ಮಾತ್ರ. ಲೆಕ್ಕ ನೋಡಿ. ಥ್ರೆಶೋಲ್ಡ್, ಅಂದ್ರೆ ತಗ್ಗಿಸ್ಲಿಕ್ಕೆ ಶುರು ಮಾಡುವ ಗೆರೆ, -20 ಡಿಬಿಯಲ್ಲಿ, ರೇಶಿಯೋ 4:1, ಅಂದ್ರೆ ಗೆರೆ ದಾಟಿದ 4 ಡಿಬಿ ಹೊರಗೆ 1 ಆಗಿ ಬರುದು, ಅಂತ ಇಟ್ಟುಕೊಳ್ಳುವ. ಭಾಗವತರು ಏರಿಸಿ ಹೇಳಿದಾಗ -8ಕ್ಕೆ ಬಂತು, ಅಂದ್ರೆ ಗೆರೆಯಿಂದ 12 ಡಿಬಿ ಮೇಲೆ. 4:1 ಆದ ಕಾರಣ ಹೊರಗೆ ಬರುವಾಗ ಗೆರೆಯಿಂದ 3 ಡಿಬಿ ಮಾತ್ರ ಮೇಲೆ, -17. ಒಟ್ಟು 9 ಡಿಬಿ ಇಳಿಯಿತು. ಸ್ವರ ಸಣ್ಣದಾಯ್ತಲ್ಲ ಅಂತ ನೀವು ಔಟ್‌ಪುಟ್ ಗೇನ್ 9 ಏರಿಸ್ತೀರಿ, ಪುನಃ -8ಕ್ಕೇ ಬಂತು, ಖುಷಿ. ಆದ್ರೆ ಭಾಗವತರು ಬಾಯಿ ಮುಚ್ಚಿದಾಗ ಎಂತ ಆಗ್ತದೆ? ಕಂಪ್ರೆಸರ್ ತಗ್ಗಿಸುದು ಬಿಟ್ಟು ಬಿಡ್ತದೆ, ನೀವು ಕೊಟ್ಟ 9 ಹಾಗೇ ಉಳೀತದೆ. ಅಂದ್ರೆ ಯಾರೂ ಹಾಡದೆ ಇರುವಾಗ ಆ ಮೈಕ್ ಮೊದಲಿಗಿಂತ 9 ಡಿಬಿ ಜಾಸ್ತಿ ತೆರೆದುಕೊಂಡು ಕೂತಿದೆ, ಬಾಕ್ಸಿನ ಸೌಂಡ್, ಜನರೇಟರ್, ಚೌಕಿಯ (ವೇಷ ಕಟ್ಟುವ ಜಾಗ) ಮಾತು ಎಲ್ಲ ಒಳಗೆ. ಕಿರುಚದೆ ಇನ್ನೆಂತ ಮಾಡ್ತದೆ. ನಿಮ್ಮದು 6:1, 10 ಡಿಬಿ, ಇನ್ನೂ ಜೋರು.

ಇನ್ನು ಭಾಗವತರು ಬಯ್ಯುದು. ಅದು ನನಗೆ ಇದಕ್ಕಿಂತ ದೊಡ್ಡ ವಿಷಯ. ಚಾನೆಲಿನ ಇನ್ಸರ್ಟಿಗೆ (ಸಿಗ್ನಲನ್ನು ನಡುವೆ ಹೊರಗೆ ಕಳಿಸಿ ವಾಪಸ್ ತರುವ ತೂತು) ಹಾಕಿದ್ದೀರಲ್ಲ, ಹೆಚ್ಚಿನ ಅನಲಾಗ್ ಮಿಕ್ಸರಿನಲ್ಲಿ ಮಾನಿಟರಿಗೆ (ಭಾಗವತರಿಗೆ ಅವರದೇ ಸ್ವರ ಕೇಳಿಸುವ ಬಾಕ್ಸ್) ಹೋಗುವ ಆಕ್ಸ್ ಲೈನ್ ಇನ್ಸರ್ಟಿನ ನಂತರವೇ ಸಿಗುದು, ಹಾಗಾಗಿ ಅವರ ಮಾನಿಟರಿನಲ್ಲಿ ಬರುದೂ ಒತ್ತಿದ ಸ್ವರವೇ. ಅವರು ಜೋರು ಮಾಡ್ತಾರೆ, ಕಂಪ್ರೆಸರ್ ತಗ್ಗಿಸ್ತದೆ, ನನ್ನ ಸ್ವರ ಏಳ್ತಾ ಇಲ್ಲ ಅಂತ ಅವರು ಇನ್ನೂ ಜೋರು ಮಾಡ್ತಾರೆ, ಅದು ಇನ್ನೂ ತಗ್ಗಿಸ್ತದೆ. ಬೆಳಗ್ಗೆ ಆಗುವಾಗ ಗಂಟಲು ಹೋಯ್ತು. ನಾನು ಶುರುವಿನ ವರ್ಷಗಳಲ್ಲಿ ಒಬ್ಬ ಹಿರಿಯ ಭಾಗವತರಿಗೆ ಇದನ್ನೇ ಮಾಡಿದ್ದೆ, ಅವರು ಮಧ್ಯರಾತ್ರಿ ಪದ್ಯ ನಿಲ್ಲಿಸಿ ಮೈಕಿನಲ್ಲೇ "ಆ ಹುಡುಗನ ಡಬ್ಬ ತೆಗೆಯಿರಿ" ಅಂದ್ರು, ಸಭೆ ಪೂರಾ ನನ್ನ ಕಡೆ ತಿರುಗಿತು.

ಸರಿ ಮಾಡುದು ಹೀಗೆ. ನಿಮ್ಮ ಮಿಕ್ಸರಿನಲ್ಲಿ ಗ್ರೂಪ್ (ಚಾನೆಲುಗಳನ್ನು ಒಟ್ಟು ಸೇರಿಸಿ ಕಳಿಸುವ ಲೈನ್) ಉಂಟಾದ್ರೆ ಭಾಗವತರ ಚಾನೆಲನ್ನು ಗ್ರೂಪ್ 1ಕ್ಕೆ ಕಳಿಸಿ, ಮೇನಿಗೆ ನೇರ ಹೋಗುವ ಬಟನ್ ತೆಗೀರಿ, ಕಂಪ್ರೆಸರನ್ನು ಆ ಗ್ರೂಪಿನ ಇನ್ಸರ್ಟಿಗೆ ಹಾಕಿ. ಆಗ ಮಾನಿಟರಿಗೆ ಒತ್ತದ ಸ್ವರ, ಜನರಿಗೆ ಹದ ಮಾಡಿದ ಸ್ವರ. ರೇಶಿಯೋ 2.5 ಅಥವಾ 3ಕ್ಕಿಂತ ಮೇಲೆ ಹೋಗ್ಬೇಡಿ. ಅಟ್ಯಾಕ್, ಅಂದ್ರೆ ಒತ್ತಲಿಕ್ಕೆ ತಕ್ಕೊಳ್ಳುವ ಸಮಯ, 15 ಮಿಲಿಸೆಕೆಂಡಿನ ಹತ್ತಿರ, ತೀರಾ ವೇಗ ಇಟ್ರೆ ಪದದ ಮೊದಲ ಅಕ್ಷರದ ಹೊಡೆತವೇ ಸತ್ತು ಹೋಗ್ತದೆ, ಸಾಹಿತ್ಯ ಸ್ಪಷ್ಟ ಕೇಳುದಿಲ್ಲ. ರಿಲೀಸ್, ಅಂದ್ರೆ ಒತ್ತಿದ್ದನ್ನು ಬಿಡುವ ಸಮಯ, 200 ಮಿಲಿಸೆಕೆಂಡಿನ ಆಸುಪಾಸು. ಥ್ರೆಶೋಲ್ಡನ್ನು ಆಟಕ್ಕೆ ಮೊದಲು ಅವರ ಹತ್ತಿರ ಒಂದು ಏರು ಪದ್ಯ ಹೇಳಿಸಿ, ಗೇನ್ ರಿಡಕ್ಷನ್ ಲೈಟ್ ಅತಿ ಜೋರಿನಲ್ಲಿ 4ರಿಂದ 6 ಡಿಬಿ ತೋರಿಸುವಲ್ಲಿಗೆ ನಿಲ್ಲಿಸಿ, ಮೆಲ್ಲಗೆ ಹೇಳುವಾಗ ಒಂದು ಲೈಟೂ ಹತ್ತಬಾರದು. ಔಟ್‌ಪುಟ್ ಗೇನ್ ಸೊನ್ನೆ, ಬೇಕೇ ಬೇಕಾದ್ರೆ 2. ಗೇಟ್ ಅಂತ ಒಂದು ನಾಬ್ ಉಂಟಲ್ಲ, ಸದ್ದು ಸಣ್ಣದಾದ್ರೆ ಮೈಕನ್ನೇ ಮುಚ್ಚುವಂಥದ್ದು, ಅದನ್ನು ಪೂರಾ ಆಫ್ ಮಾಡಿ. ಭಾಗವತಿಕೆಗೆ ಗೇಟ್ ಹಾಕಿದ್ರೆ ಆಲಾಪದ ಬಾಲ ಕತ್ತರಿಸಿ ಹೋಗ್ತದೆ, ಚೆಂಡೆ ಪೆಟ್ಟು ಬಿದ್ದಾಗೆಲ್ಲ ಅದು ತೆರೆದು ಮುಚ್ಚಿ ಮಾಡ್ತದೆ, ಒಂದು ಕಾಸಿನ ಪ್ರಯೋಜನ ಇಲ್ಲ.

ಪ್ರಶ್ನೆ ಕೇಳಿದವರು:
ಅಯ್ಯೋ ಗೇಟ್ ಕೂಡ ಹಾಕಿದ್ದೆ, ಪದ್ಯದ ಕೊನೆ ನುಂಗಿದ ಹಾಗೆ ಆಗ್ತಿತ್ತು, ಮೈಕ್ ವಯರ್ ಅಂದುಕೊಂಡು ಎರಡು ವಯರ್ ಬದಲಿಸಿದೆ. ಮಾನಿಟರಿನದ್ದು ಈಗ ಅರ್ಥ ಆಯ್ತು. ಆದ್ರೆ ಗೇನ್ ಸೊನ್ನೆ ಅಂದ್ರೆ ಚೆಂಡೆ ಎದುರು ಸ್ವರ ಮೇಲೆ ಬರುದು ಹೇಗೆ? ಮೂಲ ತೊಂದರೆ ಅದೇ ಅಲ್ವಾ.

ಉತ್ತರ:
ಅದು ಕಂಪ್ರೆಸರಿನ ಕೆಲಸ ಅಲ್ಲ, ಮೈಕ್ ಇಡುವವನ ಕೆಲಸ. ನಿಮ್ಮ ಭಾಗವತರ ಬಾಯಿಗೂ ಮೈಕಿಗೂ ಎಷ್ಟು ದೂರ ಅಂತ ಅಳೆದು ನೋಡಿ. ಒಂದು ಗೇಣು ಇದ್ರೆ ಅರ್ಧ ಗೇಣಿಗೆ ತನ್ನಿ, ಸ್ವರ ಸುಮಾರು 6 ಡಿಬಿ ಏರ್ತದೆ, ಚೆಂಡೆ ಏರುದಿಲ್ಲ ಯಾಕಂದ್ರೆ ಚೆಂಡೆಯ ದೂರ ಬದಲಾಗ್ಲಿಲ್ಲ. ಇದಕ್ಕೆ ಖರ್ಚಿಲ್ಲ. ಆಮೇಲೆ ಕಾರ್ಡಿಯಾಯ್ಡ್ ಮೈಕ್ ಆದ್ರೆ ಅದಕ್ಕೆ ಬೆನ್ನಿನ ಕಡೆ ಕಿವಿ ಕೇಳುದಿಲ್ಲ, ಆ ಬೆನ್ನು ಆದಷ್ಟು ಚೆಂಡೆ ಕಡೆಗೆ ಬರುವ ಹಾಗೆ ಓರೆ ಮಾಡಿ. ಸೂಪರ್ ಕಾರ್ಡಿಯಾಯ್ಡ್ ಆದ್ರೆ ಕಿವುಡು ಜಾಗ ನೇರ ಹಿಂದೆ ಅಲ್ಲ, ಹಿಂದಿನ ಎರಡು ಓರೆಗಳಲ್ಲಿ, ಮೈಕಿನ ಎದುರಿನಿಂದ ಸುಮಾರು 125 ಡಿಗ್ರಿಯಲ್ಲಿ.

ಇದು ಮಾಡದೆ ಕಂಪ್ರೆಸರ್ ಹಾಕಿದ್ರೆ ಇನ್ನೊಂದು ಆಟ ನಡೀತದೆ. ಭಾಗವತರ ಮೈಕಿಗೆ ಚೆಂಡೆ ಜೋರಾಗಿ ಬಿದ್ರೆ ಕಂಪ್ರೆಸರಿಗೆ ಅದು ಚೆಂಡೆ ಅಂತ ಗೊತ್ತಾಗುದಿಲ್ಲ, ಪ್ರತಿ ಪೆಟ್ಟಿಗೂ ಒತ್ತಿ ಹಿಡೀತದೆ, ಒತ್ತುದು ಸ್ವರವನ್ನೂ ಸೇರಿಸಿ. ಯುದ್ಧದ ಪದ್ಯದಲ್ಲಿ ಸ್ವರ ಉಸಿರುಗಟ್ಟಿ ಏಳುತ್ತಾ ಬೀಳುತ್ತಾ ಬಂದ ಹಾಗೆ ಕೇಳ್ತದಲ್ಲ, ಅದು ಇದೇ.

ಮತ್ತೊಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಚೆಂಡೆಗೆ ಮೈಕ್ ಯಾಕೆ? ಇನ್ನೂರು ಮುನ್ನೂರು ಜನ ಕೂರುವ ಗದ್ದೆಯಲ್ಲಿ ಚೆಂಡೆ ತಾನೇ ಕೇಳ್ತದೆ. ಅದರ ಫೇಡರ್ ಒಮ್ಮೆ ಪೂರಾ ಕೆಳಗೆ ಹಾಕಿ ಗದ್ದೆಯ ಕೊನೆಗೆ ನಡೆದು ಹೋಗಿ ಕೇಳಿ, ಹಳಬರು ಮೈಕಾಸುರ ಅಂತ ಬಯ್ಯುದು ಸುಮ್ಮನೆ ಅಲ್ಲ.

ಇನ್ನೊಬ್ಬ ಸದಸ್ಯರು:
ಮಧ್ಯೆ ಬಾಯಿ ಹಾಕ್ತೇನೆ ಅಣ್ಣ. ನಮ್ಮಲ್ಲಿ ತಾಳಮದ್ದಳೆಗೆ ನಾಲ್ಕು ಅರ್ಥಧಾರಿಗಳಿಗೆ ನಾಲ್ಕು ಮೈಕ್, ಒಬ್ಬರು ಪಿಸುಗುಟ್ಟಿದ ಹಾಗೆ ಮಾತಾಡ್ತಾರೆ, ಒಬ್ಬರು ವೀರರಸ ಬಂದ್ರೆ ಗುಡುಗುದೇ. ಎಲ್ಲದಕ್ಕೂ ಕಂಪ್ರೆಸರ್ ಹಾಕ್ಬಹುದಾ? ಮತ್ತೆ ಹಾರ್ನಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಈ ಸೀಸನಿನಲ್ಲಿ ಮೂರು ಸುಟ್ಟಿತು, ಅದಕ್ಕೆ ಲಿಮಿಟರ್ ಆಗ್ತದಾ?

ಉತ್ತರ:
ಗುಡುಗುವವರಿಗೆ ಹಾಕಿ, 4:1 ಇದ್ರೂ ತೊಂದರೆ ಇಲ್ಲ, ಚೆಂಡೆಯ ಕಾಟ ಅಲ್ಲಿ ಕಡಿಮೆ. ಪಿಸುಗುಡುವವರಿಗೆ ಬೇಡ, ಅವರಿಗೆ ಮೈಕ್ ಹತ್ತಿರ ಇಡಿ. ಆದ್ರೆ ನಾಲ್ಕೂ ಮೈಕ್ ಒಟ್ಟಿಗೆ ತೆರೆದಿಡುದು ಬಿಡಿ. ತೆರೆದ ಮೈಕ್ ಒಂದರಿಂದ ಎರಡಾದ್ರೆ ಹೌಲಿಂಗಿಗೆ ಇರುವ ಅಂತರ 3 ಡಿಬಿ ಕಮ್ಮಿ, ನಾಲ್ಕಾದ್ರೆ 6. ಸಂವಾದ ನಡೆಯುವಾಗ ಕೈ ಫೇಡರಿನ ಮೇಲೇ ಇರ್ಬೇಕು, ಪ್ರಸಂಗ ಗೊತ್ತಿರುವ ಹುಡುಗನನ್ನು ಕೂರಿಸಿ, ಮುಂದಿನ ಮಾತು ಯಾರದ್ದು ಅಂತ ಅವನಿಗೆ ಗೊತ್ತಿರ್ತದೆ, ಮಿಶನಿಗೆ ಗೊತ್ತಿರುದಿಲ್ಲ.

ಡಯಾಫ್ರಾಮಿಗೆ ಲಿಮಿಟರ್ ಹೌದು, ಅದು ಬೇಕು. ಕಂಪ್ರೆಸರೇ ಅದು, ರೇಶಿಯೋ 10:1ಕ್ಕಿಂತ ಮೇಲೆ, ಅಟ್ಯಾಕ್ ಬಹಳ ವೇಗ. ಇಡುದು ಕೊನೆಗೆ, ಈಕ್ಯೂ (ಟೋನ್ ಹೊಂದಿಸುದು) ಎಲ್ಲ ಆದ ಮೇಲೆ, ಆಂಪ್ಲಿಫೈಯರಿಗೆ ಮೊದಲು, ಕ್ರಾಸ್‌ಓವರ್ (ತಗ್ಗಿನ ಸದ್ದು, ಏರಿನ ಸದ್ದು ಬೇರೆ ಮಾಡುವ ಮಿಶನ್) ಉಂಟಾದ್ರೆ ಅದರ ನಂತರ ಹಾರ್ನಿನ ಲೈನಿಗೇ ಬೇರೆ. ಆಂಪಿನ ಕ್ಲಿಪ್ ಲೈಟ್ ಹತ್ತುವ ಸ್ವಲ್ಪ ಮೊದಲೇ ಹಿಡಿಯುವ ಹಾಗೆ ಥ್ರೆಶೋಲ್ಡ್ ಇಡಿ. ಆದ್ರೆ ಮಿಕ್ಸರಿನಲ್ಲೇ ಕೆಂಪು ಹತ್ತಿ ಸ್ವರ ಒಡೆದು ಬರ್ತಾ ಇದ್ರೆ ಲಿಮಿಟರ್ ಅದನ್ನು ಸರಿ ಮಾಡುದಿಲ್ಲ, ಒಡೆದದ್ದನ್ನೇ ಸಣ್ಣ ಮಾಡಿ ಕಳಿಸ್ತದೆ, ಹಾರ್ನ್ ಬಿಸಿಯಾಗುದು ತಪ್ಪುದಿಲ್ಲ. ಮೂರು ಸುಟ್ಟಿದೆ ಅಂದ್ರೆ ಮೊದಲು ನಿಮ್ಮ ಮೀಟರ್ ನೋಡಿ.

ಪ್ರಶ್ನೆ ಕೇಳಿದವರು:
ನಿನ್ನೆ ಆಟ ಇತ್ತು. ಚೆಂಡೆ ಮೈಕ್ ತೆಗೆದೆ, ಭಾಗವತರ ಮೈಕ್ ಹತ್ತಿರ ತಂದೆ, ಹೌಲಿಂಗ್ ಒಮ್ಮೆಯೂ ಇಲ್ಲ, ಭಾಗವತರು ಬೆಳಗ್ಗೆ ಚಾ ಕುಡಿಯುವಾಗ ಏನೂ ಹೇಳ್ಲಿಲ್ಲ, ಅವರು ಏನೂ ಹೇಳದಿದ್ರೆ ಒಳ್ಳೇದು ಅಂತಲೇ ಲೆಕ್ಕ. ಚೆಂಡೆಯವರಿಗೆ ಮಾತ್ರ ಸ್ವಲ್ಪ ಮುಖ ಸಣ್ಣದಾಗಿದೆ. ಗ್ರೂಪಿಗೆ ಹಾಕ್ಲಿಕ್ಕೆ ಆಗ್ಲಿಲ್ಲ, ಇನ್ಸರ್ಟಿಗೆ ಎರಡು ಕವಲಿನ ವಯರ್ ಹಾಕಿದ್ರೆ ಸೌಂಡೇ ಬರುದಿಲ್ಲ.

ಉತ್ತರ:
ಕವಲು ಅದಲು ಬದಲು ಆಗಿರ್ತದೆ. ಹೆಚ್ಚಿನ ಮಿಕ್ಸರಿನಲ್ಲಿ ಇನ್ಸರ್ಟ್ ಪಿನ್ನಿನ ತುದಿ ಹೊರಗೆ ಕಳಿಸುದು, ನಡುವಿನ ಉಂಗುರ ವಾಪಸ್ ತರುದು. ತುದಿಗೆ ಸೇರಿದ ಕವಲು ಕಂಪ್ರೆಸರಿನ ಇನ್‌ಪುಟ್‌ಗೆ, ಉಂಗುರದ್ದು ಔಟ್‌ಪುಟ್‌ಗೆ. ಬದಲಿಸಿ ನೋಡಿ. ಹಾಗೂ ಬರದಿದ್ರೆ ಮಿಕ್ಸರಿನ ಹಿಂಬದಿಯ ಫೋಟೋ ಹಾಕಿ, ಚೆಂಡೆಯವರನ್ನು ನೀವೇ ಸಮಾಧಾನ ಮಾಡ್ಬೇಕು, ಅದಕ್ಕೆ ನನ್ನ ಹತ್ತಿರ ನಾಬ್ ಇಲ್ಲ.