ಪ್ರಶ್ನೋತ್ತರ: ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ಬಗ್ಗೆ ಪ್ರಯೋಗಾಲಯದ ಎಂಜಿನಿಯರ್ ಅವರಿಗೆ ಕೇಳಿ

ಸದಸ್ಯರು, ತುಮಕೂರು: ನಮಸ್ಕಾರ ಸರ್. ಮನೆಯ ಛಾವಣಿಗೆ ಎಂ20 ಕಾಂಕ್ರೀಟ್ ಹಾಕಿಸಿದ್ದೇವೆ. ಏಳನೇ ದಿನ ಕ್ಯೂಬ್ ಎಷ್ಟು ಸ್ಟ್ರೆಂತ್ ತೋರಿಸಬೇಕು?

ಎಂಜಿನಿಯರ್: ನಮಸ್ಕಾರ. ಹಾಕಿದ ಕಾಂಕ್ರೀಟಿನಿಂದಲೇ ಅಚ್ಚಿನಲ್ಲಿ ಎರೆದು ಯಂತ್ರದಲ್ಲಿ ಒಡೆದು ನೋಡುವ ಘನವೇ ಕ್ಯೂಬ್; ಎಂ20 ಎಂದರೆ 28ನೇ ದಿನ ಚದರ ಮಿ.ಮೀ.ಗೆ 20 ನ್ಯೂಟನ್ ಶಕ್ತಿಗೆ ನಿಗದಿಯಾದ ಕಾಂಕ್ರೀಟ್. ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಾದರೆ 28ನೇ ದಿನದ ಶಕ್ತಿಯ ಸುಮಾರು ಮೂರನೇ ಎರಡು ಭಾಗ, ಅಂದರೆ ಚದರ ಮಿ.ಮೀ.ಗೆ 13 ನ್ಯೂಟನ್ ಆಸುಪಾಸು. ಪಿಪಿಸಿ (ಹಾರುಬೂದಿಯಂಥವನ್ನು ಬೆರೆಸಿದ ಸಿಮೆಂಟ್) ನಿಧಾನವಾಗಿ ಬಲಿಯುವುದರಿಂದ ಇನ್ನೂ ಕಡಿಮೆ ಬರಬಹುದು. ತೀರ್ಮಾನ ಮಾತ್ರ 28ನೇ ದಿನದ ಫಲಿತಾಂಶದ ಮೇಲೆಯೇ.

ಸದಸ್ಯರು, ಹಾಸನ: ಸರ್, ನೆಲಮಹಡಿಯ ಕಂಬಗಳು ಎಂ20. 28ನೇ ದಿನ ಮೂರು ಕ್ಯೂಬ್‌ಗಳು 437, 452 ಮತ್ತು 310 ಕಿಲೋನ್ಯೂಟನ್‌ಗೆ ಒಡೆದವು. ಸರಾಸರಿ 17 ದಾಟಿರುವುದರಿಂದ ಪಾಸ್ ಎಂದು ಹೇಳಿ ಗುತ್ತಿಗೆದಾರರು ಮೇಲಿನ ಛಾವಣಿಗೆ ಸೆಂಟ್ರಿಂಗ್ ಕಟ್ಟಿಸುತ್ತಿದ್ದಾರೆ. ಅವರ ಮಾತು ಸರಿಯೇ?

ಎಂಜಿನಿಯರ್: ಸರಿಯಲ್ಲ. ವಿಷಯ ಕಂಬಗಳದ್ದಾದ್ದರಿಂದ ವಿವರವಾಗಿಯೇ ಬರೆಯುತ್ತೇನೆ. 150 ಮಿ.ಮೀ. ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ. ಅದರಿಂದ ಭಾಗಿಸಿದರೆ ನಿಮ್ಮ ಕ್ಯೂಬ್‌ಗಳು 19.4, 20.1 ಮತ್ತು 13.8 ಕೊಡುತ್ತವೆ, ಸರಾಸರಿ 17.8. ಆದರೆ ಒಂದೇ ಮಾದರಿಯ ಯಾವ ಕ್ಯೂಬೂ ಸರಾಸರಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು, ಹೋದರೆ ಆ ಫಲಿತಾಂಶವೇ ಅಮಾನ್ಯ ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ನಿಮ್ಮ ಮೂರನೆಯ ಕ್ಯೂಬ್ ಶೇ. 22ರಷ್ಟು ಕೆಳಗಿದೆ. ಅಮಾನ್ಯ ಎಂದರೆ ಫೇಲ್ ಅಲ್ಲ, ಪಾಸ್ ಕೂಡ ಅಲ್ಲ; ಆ ಕಂಬಗಳ ಬಗ್ಗೆ ನಿಮ್ಮ ಕೈಯಲ್ಲಿ ಯಾವ ಮಾಹಿತಿಯೂ ಇಲ್ಲ ಎಂದರ್ಥ. ಇನ್ನು, ಯಾವ ಮಾದರಿಯೂ (ಅಂದರೆ ಮೂರು ಕ್ಯೂಬ್‌ಗಳ ಸರಾಸರಿ) 17ಕ್ಕಿಂತ ಇಳಿಯಬಾರದೆಂಬ ಮಿತಿ ನಿಯಮದ ಅರ್ಧ ಭಾಗ ಮಾತ್ರ. ಸತತ ನಾಲ್ಕು ಮಾದರಿಗಳ ಸರಾಸರಿ ಕನಿಷ್ಠ 23 ಇರಬೇಕೆಂಬ ಉಳಿದರ್ಧವನ್ನು ಅವರು ಹೇಳಲೇ ಇಲ್ಲ.

ಒಂದೇ ಮಿಶ್ರಣದ ಕ್ಯೂಬ್ ಹೀಗೆ ಕುಸಿಯಲು ಕಾರಣಗಳು ಹಲವು. ಮೂರು ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ 16 ಮಿ.ಮೀ. ಸರಳಿನಿಂದ 35 ಬಾರಿ ಕುಟ್ಟದಿದ್ದರೆ ಒಳಗೆ ಟೊಳ್ಳು ಉಳಿಯುತ್ತದೆ. ಅಚ್ಚಿನ ಬೋಲ್ಟ್ ಸಡಿಲವಿದ್ದರೆ ಸಿಮೆಂಟ್ ಹಾಲು ಸೋರಿಹೋಗುತ್ತದೆ. ಎರಕದ ವೇಳೆ ಮೇಲಿದ್ದ ಒರಟು ಮುಖಕ್ಕೇ ಯಂತ್ರದ ಒತ್ತಡ ಕೊಟ್ಟರೂ ಅಂಕಿ ಇಳಿಯುತ್ತದೆ. ಒತ್ತಡ ಬೀಳಬೇಕಾದದ್ದು ಪಕ್ಕದ ಮುಖಗಳ ಮೇಲೆ. ಸರಿಯಾಗಿ ಒಡೆದ ಕ್ಯೂಬ್ ನಾಲ್ಕೂ ಬದಿ ಉದುರಿ ನಡು ಸಣ್ಣಗಾಗಿ ನಿಲ್ಲುತ್ತದೆ. ನಿಮ್ಮದು ಒಂದೇ ಬದಿಗೆ ಸೀಳಿತೇ? ಚೂರುಗಳಿದ್ದರೆ ಎಸೆಯಬೇಡಿ.

ಗುತ್ತಿಗೆದಾರರು, ಮೈಸೂರು: ಮೇಸ್ತ್ರಿ ಮುಷ್ಟಿಯಲ್ಲಿ ಹಿಡಿದು ನೋಡಿದರೆ ಕಾಂಕ್ರೀಟಿನ ಗುಣ ತಿಳಿಯುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಯಾವ ಲ್ಯಾಬ್ ಇತ್ತು?

ಸದಸ್ಯರು, ಶಿವಮೊಗ್ಗ: ನಿಮ್ಮ ಅಜ್ಜ ಗಾರೆಯ ದಪ್ಪ ಗೋಡೆ ಕಟ್ಟಿದರು, ಒಂಬತ್ತು ಇಂಚಿನ ಕಂಬದ ಮೇಲೆ ಮೂರು ಮಹಡಿ ಏರಿಸಲಿಲ್ಲ.

ಗುತ್ತಿಗೆದಾರರು, ಮೈಸೂರು: ಬಿಲ್ಲು ಕೊಡುವಾಗ ಮಾತ್ರ ಮಾಲೀಕರಿಗೆ ಐಎಸ್ ಕೋಡ್ ನೆನಪಾಗುತ್ತದೆ.

ಸದಸ್ಯರು, ಶಿವಮೊಗ್ಗ: ಮಿಕ್ಸರಿಗೆ ಕೊಡಗಟ್ಟಲೆ ನೀರು ಸುರಿಯುವಾಗ ನಿಮಗೆ ಅದು ನೆನಪಾಗುವುದೇ ಇಲ್ಲವಲ್ಲ.

ಸದಸ್ಯರು, ಗದಗ: ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು: ಹಿಂದಿನ ದಿನವೇ ಕ್ಯೂಬನ್ನು ನೀರಿನಿಂದ ತೆಗೆದು ಬಿಸಿಲಿಗಿಟ್ಟರೆ ಸ್ಟ್ರೆಂತ್ ಹೆಚ್ಚುತ್ತದೆ, ಮಿಶ್ರಣಕ್ಕೆ ಸ್ವಲ್ಪ ಸಕ್ಕರೆ ಹಾಕಿದರೆ ಇನ್ನೂ ಒಳ್ಳೆಯದು. ನಿಜವೇ ಸರ್?

ಎಂಜಿನಿಯರ್: ಒಣಗಿದ ಕ್ಯೂಬ್ ಹೆಚ್ಚಿನ ಅಂಕಿ ತೋರಿಸುವುದು ನಿಜ, ಆದರೆ ಅದರಿಂದ ನಿಮ್ಮ ಕಂಬ ಗಟ್ಟಿಯಾಗುವುದಿಲ್ಲ. ಕ್ಯೂಬನ್ನು ನೀರಿನಿಂದ ತೆಗೆದು, ಮೇಲಿನ ನೀರು ಒರೆಸಿ, ಹಸಿಯಿರುವಾಗಲೇ ಪರೀಕ್ಷಿಸಬೇಕು. ಸಕ್ಕರೆ ಸಿಮೆಂಟು ಗಟ್ಟಿಯಾಗುವುದನ್ನೇ ತಡೆಯುತ್ತದೆ. ಅದನ್ನು ಕಾಫಿಗೆ ಹಾಕಿಕೊಳ್ಳಿ. ಇಂಥ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಸದಸ್ಯರು, ಬಳ್ಳಾರಿ: ಸಿಮೆಂಟ್ ಇಟ್ಟಿಗೆಗಳನ್ನೂ ಇದೇ ಯಂತ್ರದಲ್ಲಿ ಪರೀಕ್ಷಿಸಬಹುದೇ? ಶುಲ್ಕ ಎಷ್ಟಾಗುತ್ತದೆ?

ಸದಸ್ಯರು, ಮಂಡ್ಯ: ಏಳು ದಿನಕ್ಕೆ ಎಷ್ಟು ಬರಬೇಕು ಸರ್?

ಎಂಜಿನಿಯರ್: ಮೊದಲ ಉತ್ತರವನ್ನು ಓದಿ.

ಸದಸ್ಯರು, ಹಾಸನ: ಮೂರನೆಯ ಕ್ಯೂಬಿನ ಒಂದು ಬದಿ ಮಾತ್ರ ಸೀಳಿದೆ, ಆ ಮೂಲೆಯಲ್ಲಿ ಜಲ್ಲಿ ಬರಿದಾಗಿ ಕಾಣುತ್ತಿದೆ. ಹಾಗಾದರೆ ಕಂಬಗಳಿಗೆ ತೊಂದರೆ ಇಲ್ಲವಲ್ಲ?

ಗುತ್ತಿಗೆದಾರರು, ಮೈಸೂರು: ನೋಡಿದಿರಾ! ಕ್ಯೂಬಿನ ತಪ್ಪು, ಕಾಂಕ್ರೀಟಿನದಲ್ಲ.

ಎಂಜಿನಿಯರ್: ಮೈಸೂರಿನವರೇ, ಪ್ರಶ್ನೆ ಕೇಳಿದ್ದು ನಿಮ್ಮನ್ನಲ್ಲ. ಹಾಸನದವರಿಗೆ: ಆ ಕ್ಯೂಬನ್ನು ಸರಿಯಾಗಿ ಕುಟ್ಟಿಲ್ಲವೆಂದು ಕಾಣುತ್ತದೆ. ಹಾಗಿದ್ದರೂ ಉಳಿದೆರಡು ಕ್ಯೂಬ್‌ಗಳು 20ರ ಸುತ್ತಲೇ ಇವೆ, 23ರ ಹತ್ತಿರಕ್ಕೂ ಬಂದಿಲ್ಲ. ಕ್ಯೂಬನ್ನು ಕುಟ್ಟಿದ ಕೈಗಳೇ ಕಂಬವನ್ನೂ ತುಂಬಿದ್ದರೆ ಅಲ್ಲಿಯೂ ಟೊಳ್ಳಿರಬಹುದು. ರೀಬೌಂಡ್ ಹ್ಯಾಮರ್‌ನಿಂದ (ಮೇಲ್ಮೈಗೆ ಬಡಿದು ಪುಟಿತ ಅಳೆಯುವ ಸಾಧನ) ಎಲ್ಲ ಕಂಬಗಳನ್ನೂ ಹೋಲಿಸಿ ನೋಡಿಸಿ. ಅದು ದುರ್ಬಲ ಕಂಬ ಯಾವುದೆಂಬ ಸುಳಿವು ಕೊಡುತ್ತದೆಯೇ ಹೊರತು ನಂಬಬಹುದಾದ ಶಕ್ತಿಯ ಅಂಕಿಯನ್ನಲ್ಲ. ಅನುಮಾನ ಉಳಿದರೆ ಕನಿಷ್ಠ ಮೂರು ಕೋರ್ (ಕಂಬದಿಂದ ಕೊರೆದ ಕಾಂಕ್ರೀಟ್ ತುಂಡು) ತೆಗೆಸಬೇಕಾಗುತ್ತದೆ. ಅವುಗಳ ಸಮಾನ ಕ್ಯೂಬ್ ಶಕ್ತಿಯ (ಕ್ಯೂಬಿನ ಲೆಕ್ಕಕ್ಕೆ ಬದಲಿಸಿದ ಶಕ್ತಿಯ) ಸರಾಸರಿ ನಿಗದಿತ ಶಕ್ತಿಯ ಶೇ. 85 ಮುಟ್ಟಬೇಕು, ಯಾವ ಒಂದೂ ಶೇ. 75ಕ್ಕಿಂತ ಇಳಿಯಬಾರದು. ಕಂಬದಲ್ಲಿ ಎಲ್ಲಿ ಕೊರೆಯಬೇಕೆಂಬುದನ್ನು ಸರಳು ಕತ್ತರಿಸದಂತೆ ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಅವರೇ ಗುರುತಿಸಲಿ, ಮೇಸ್ತ್ರಿಯಲ್ಲ. ಅವರು ಬರವಣಿಗೆಯಲ್ಲಿ ಒಪ್ಪಿಗೆ ಕೊಡುವ ತನಕ ಮೇಲಿನ ಛಾವಣಿಯ ಕೆಲಸ ನಿಲ್ಲಿಸಿ.